ಬಿದ್ದ ಮಾವಿನ ಮರದಲ್ಲಿ ಕೈಯಾರೆ ಪಾತಿ ದೋಣಿ ಮಾಡಬಹುದಾ?

ಕುರ್ವೆಯ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಯ ದಂಡೆಯಲ್ಲಿ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ತಿಂಗಳಿಗೆ ಎರಡು ಸಲ ಊರಿಗೆ ಹೋಗಿ ಬರುತ್ತೇನೆ. ಜೂನ್ ಗಾಳಿಮಳೆಗೆ ನಮ್ಮ ಹಿತ್ತಲಿನ ಕಾಟುಮಾವಿನ ಮರ ಬುಡಸಮೇತ ಉರುಳಿತು. ಮನೆಯ ಮೇಲೆ ಬೀಳಲಿಲ್ಲ, ಅದೇ ಪುಣ್ಯ. ಕೊಂಬೆಗಳನ್ನೆಲ್ಲ ಕಡಿದು ಸೌದೆ ಮಾಡಿದ್ದಾಯಿತು. ದಿಮ್ಮಿ ಮಾತ್ರ ಹಾಗೇ ಮಲಗಿದೆ. 16 ಅಡಿ ಉದ್ದ, ಬಹುಪಾಲು ನೆಟ್ಟಗಿದೆ. ಸುತ್ತಳತೆ ಬುಡದಲ್ಲಿ 8 ಅಡಿ, ತುದಿಯಲ್ಲಿ ಆರೂವರೆ ಅಡಿ. ಸಾಮಿಲ್ಲಿನವರು ಬಂದು ನೋಡಿ ಹೋದರು, ಪ್ಯಾಕಿಂಗ್ ಪೆಟ್ಟಿಗೆಗೆ ಆಗುತ್ತದೆ ಅಂದರು. ಅಪ್ಪ ಕೊಟ್ಟುಬಿಡೋಣ ಅನ್ನುತ್ತಿದ್ದಾರೆ. ನನಗೆ ಮನಸ್ಸು ಬರುತ್ತಿಲ್ಲ.

ನಮ್ಮ ಅಜ್ಜನ ಹತ್ತಿರ ಒಂದು ಪಾತಿ ದೋಣಿ (ಸಣ್ಣ, ಕಿರಿದಾದ ಮರದ ದೋಣಿ) ಇತ್ತು. ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಕೊಯ್ದ ಕಗ್ಗ ಭತ್ತದ ಹೊರೆಗಳು ಅದರಲ್ಲೇ ಮನೆಗೆ ಬರುತ್ತಿದ್ದವು. ಸಂಜೆ ಇಳಿತದ ಹೊತ್ತಿಗೆ ಅಜ್ಜ ನನ್ನನ್ನು ಮುಂದೆ ಕೂರಿಸಿಕೊಂಡು ಗಾಳ ಹಾಕಲು ಹೋಗುತ್ತಿದ್ದರು. ಅವರು ಹೋದ ಮೇಲೆ ದೋಣಿಯನ್ನು ಯಾರೂ ನೋಡಿಕೊಳ್ಳಲಿಲ್ಲ, ಎರಡು ಮಳೆಗಾಲ ನೆನೆದು ಹಾಳಾಯಿತು. ಅದೂ ಮಾವಿನ ಮರದ್ದೇ ಅಂತ ಅಪ್ಪ ಹೇಳುತ್ತಾರೆ.

ಕೇಳಬೇಕಿದ್ದು ಇಷ್ಟು. ಈ ದಿಮ್ಮಿಯನ್ನು ಇಡಿಯಾಗಿ ಕೆತ್ತಿ ದೋಣಿ ಮಾಡಬಹುದಾ, ಅಥವಾ ಹಲಗೆ ಸೀಳಿಸಿ ಜೋಡಿಸುವುದು ಒಳ್ಳೆಯದಾ? ಜೋಡಿಸುವುದಾದರೆ ಮೊಳೆಯೋ, ಹಳೆಯವರು ಮಾಡುತ್ತಿದ್ದ ಹಗ್ಗದ ಹೊಲಿಗೆಯೋ? ಹುಳ ಹೊಡೆಯದಂತೆ ಏನು ಹಚ್ಚಬೇಕು? ನಾನು ಮನೆಗೆ ಬೆಂಚು, ಪುಸ್ತಕದ ಕಪಾಟು ಮಾಡಿದ್ದೇನೆ. ಉಳಿ, ಹತ್ತರಿ ಹಿಡಿದು ಗೊತ್ತು. ಬಾಚಿ (ಮರ ಕೆತ್ತುವ ಅಡ್ಡ ಅಲಗಿನ ಕೊಡಲಿ) ಹಿಡಿದಿಲ್ಲ. ಫೈಬರ್ ದೋಣಿ ತಗೊಳ್ಳಿ ಅಂತ ದಯವಿಟ್ಟು ಹೇಳಬೇಡಿ. ಇದೇ ಮರದಲ್ಲಿ, ನನ್ನ ಕೈಯಲ್ಲೇ ಮಾಡಬೇಕು ಅಂತ ಆಸೆ.


ಶರಾವತಿ ದಂಡೆ:

ತಮ್ಮಾ, ಮೊದಲು ಒಂದು ಕೆಲಸ ಮಾಡು. ಇದನ್ನು ಓದಿದ ತಕ್ಷಣ ಅಪ್ಪನಿಗೆ ಫೋನ್ ಮಾಡಿ, ದಿಮ್ಮಿಯ ಎರಡೂ ತುದಿಗೆ ಸೆಗಣಿ ಮತ್ತು ಕೆಮ್ಮಣ್ಣು ಕಲಸಿ ದಪ್ಪಗೆ ಮೆತ್ತಲು ಹೇಳು. ಮನೆಯಲ್ಲಿ ಉಳಿದ ಪೇಂಟ್ ಇದ್ದರೆ ಅದೂ ಆಗುತ್ತದೆ. ಮರ ಒಣಗುವುದು ತುದಿಯಿಂದ, ಸೀಳುವುದೂ ಅಲ್ಲಿಂದಲೇ. ಮೇಲೆ ತೆಂಗಿನ ಗರಿ ಹೊದಿಸಿ, ಕೆಳಗೆ ಎರಡು ಕಟ್ಟಿಗೆ ಕೊಟ್ಟು ನೆಲದಿಂದ ಎತ್ತಿ ಇಡಿ. ಮಾವಿಗೆ ಗೊರಲೆ (ಗೆದ್ದಲು) ಬೇಗ ಹತ್ತುತ್ತದೆ. ಹಲಗೆ ಸೀಳಿಸುವ ಯೋಚನೆಯಿದ್ದರೆ ಕೆಲವರು ದಿಮ್ಮಿಯನ್ನು ಸಿಹಿನೀರಿನ ಕೆರೆಯಲ್ಲಿ ಮುಳುಗಿಸಿ ಇಡುತ್ತಾರೆ, ಹುಳಕ್ಕೆ ಬೇಕಾದ ಪಿಷ್ಟ ನೀರಿಗೆ ಬಿಟ್ಟುಹೋಗುತ್ತದೆ. ಆದರೆ ಹೊಳೆಯ ಉಪ್ಪುನೀರಿಗೆ ಮಾತ್ರ ಇಳಿಸಬೇಡಿ. ಹಡಗುಹುಳ ತಿಂದುಹಾಕುತ್ತದೆ.

ಈಗ ನಿನ್ನ ಪ್ರಶ್ನೆ. ನಮ್ಮ ದೊಡ್ಡಪ್ಪ ಪಾತಿ ಕೆತ್ತುತ್ತಿದ್ದರು, ನಾನು ಅವರ ಜೊತೆ ನಾಲ್ಕು ದೋಣಿಗೆ ಕೈ ಹಾಕಿದ್ದೇನೆ. ನೀನು ಕೊಟ್ಟ ಅಳತೆಯ ಪ್ರಕಾರ ಬುಡದಲ್ಲಿ ಎರಡೂವರೆ ಅಡಿ, ತುದಿಯಲ್ಲಿ ಎರಡು ಅಡಿ ಅಡ್ಡಗಲ ಬರುತ್ತದೆ. ಪಾತಿಗೆ ಧಾರಾಳ ಸಾಕು. ಇಡಿಯಾಗಿಯೇ ಕೆತ್ತು. ಇಷ್ಟು ದಪ್ಪದ ನೆಟ್ಟಗಿನ ಮಾವು ಸಿಗುವುದು ಈಗ ಕಷ್ಟ, ಅದನ್ನು ಸೀಳಿಸಿ ಮತ್ತೆ ಜೋಡಿಸುವುದು ಯಾಕೆ?

ಮೊದಲು ಪರೀಕ್ಷೆ ಮಾಡು. ಕೊಡಲಿಯ ಹಿಂಬದಿಯಿಂದ ದಿಮ್ಮಿಯ ಉದ್ದಕ್ಕೂ ಬಡಿಯುತ್ತ ಹೋಗು. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ, ಒಳಗೆ ಪೊಟರೆ ಇದ್ದರೆ ಡಬ್ ಅಂತ ಸತ್ತ ಸದ್ದು ಬರುತ್ತದೆ. ಕಾಟುಮಾವಿನ ಹಳೆ ಮರದಲ್ಲಿ ಬುಡದ ಕಡೆ ಪೊಟರೆ ಇರುವುದು ಸಾಮಾನ್ಯ. ಪೊಟರೆ ನಡುವಿನಲ್ಲೇ ಇದ್ದರೆ ಹೆದರಬೇಡ, ಅಷ್ಟು ಭಾಗ ಹೇಗೂ ಕೆತ್ತಿ ತೆಗೆಯುವುದೇ ಅಲ್ವಾ.

ಹಸಿಯಿದ್ದಾಗಲೇ ಕೆತ್ತಬೇಕು. ಒಣಗಿದ ಮಾವು ಬಾಚಿಗೆ ಕಲ್ಲು. ಹಸಿ ಮರ ಸುಲಭವಾಗಿ ಬರುತ್ತದೆ, ಮತ್ತೆ ಗೋಡೆ ತೆಳ್ಳಗಾದ ಮೇಲೆ ಎಲ್ಲ ಕಡೆ ಒಂದೇ ಸಮ ಒಣಗುವುದರಿಂದ ಸೀಳುವ ಭಯವೂ ಕಡಿಮೆ. ದಿಮ್ಮಿಯನ್ನು ಉರುಳಿಸಿ ಯಾವ ಬದಿ ಚೆನ್ನಾಗಿದೆ, ಗಂಟಿಲ್ಲ ಅಂತ ನೋಡು, ಅದು ಹೊಟ್ಟೆಯಾಗಬೇಕು. ಮೇಲಿನ ಮೂರನೇ ಒಂದು ಪಾಲು ಕಡಿದು ಮಟ್ಟ ಮಾಡು. ಇದ್ದಿಲ ನೀರಿನಲ್ಲಿ ನೆನೆಸಿದ ದಾರ ಬಿಗಿದು, ಮೀಟಿ, ನಡುಗೆರೆ ಹಾಕು. ಆ ಗೆರೆ ಕೊನೆಯ ದಿನದವರೆಗೂ ಕಾಣುತ್ತಿರಬೇಕು. ಅಳಿಸಿಹೋದಂತೆಲ್ಲ ಮತ್ತೆ ಹಾಕು. ನಾನು ನೋಡಿದ ಸೊಟ್ಟ ದೋಣಿಗಳೆಲ್ಲ ಆ ಗೆರೆ ಕಳೆದುಕೊಂಡವರದ್ದು.

ಆಮೇಲೆ ದಿಮ್ಮಿಯನ್ನು ಮಗುಚಿ ಹೊರಮೈ ಮೊದಲು ಕೆತ್ತು, ಒಳಗೆ ಆಮೇಲೆ. ಎಲ್ಲರಿಗೂ ಒಳಗೆ ಟೊಳ್ಳು ಮಾಡುವ ಆತುರ ಇರುತ್ತದೆ. ಆದರೆ ಹೊರಗಿನ ಆಕಾರ ಆಗದೆ ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ಗೊತ್ತಾಗುವುದು ಹೇಗೆ? ಹೊರಮೈ ಮುಗಿದ ಮೇಲೆ ಸಣ್ಣ ಬೈರಿಗೆಯಿಂದ ಒಂದೊಂದು ಅಡಿಗೆ ತೂತು ಕೊರೆ. ಪಕ್ಕದ ಗೋಡೆಯಲ್ಲಿ ಒಂದೂಕಾಲು ಇಂಚು ಆಳ, ಹೊಟ್ಟೆಯಲ್ಲಿ ಎರಡು ಇಂಚು ಆಳ. ಅಷ್ಟೇ ಉದ್ದದ ಗೂಟಗಳ ತುದಿಗೆ ಮಸಿ ಹಚ್ಚಿ ತೂತಿಗೆ ಬಡಿ. ಒಳಗಿನಿಂದ ಕೆತ್ತುತ್ತ ಬರುವಾಗ ಕಪ್ಪು ಚುಕ್ಕೆ ಕಂಡ ತಕ್ಷಣ ಅಲ್ಲಿ ಕೈ ನಿಲ್ಲಿಸು. ದೋಣಿ ಕೆತ್ತುವವರು ಬೇರೆ ಬೇರೆ ಕಡೆ ಬಳಸುವ ಉಪಾಯ ಇದು. ದೊಡ್ಡಪ್ಪನಿಗೆ ಬೇಕಿರಲಿಲ್ಲ, ಅವರು ಬೆರಳಿನಿಂದ ತಟ್ಟಿ ಸದ್ದು ಕೇಳಿಯೇ ಹೇಳುತ್ತಿದ್ದರು. ನಿನಗೆ ಗೂಟ ಬೇಕು.

ಮರದ ತಿರುಳು ಹೊಟ್ಟೆಯಲ್ಲಿ ಉಳಿಯಬಾರದು. ಉಳಿದರೆ ಅಲ್ಲೇ ಸೀಳುತ್ತದೆ. ಮೂತಿ ಮತ್ತು ಹಿಂಬದಿಯಲ್ಲಿ ಮಾತ್ರ ತಿರುಳು ಉಳಿದೇ ಉಳಿಯುತ್ತದೆ, ಅದಕ್ಕೆ ಆ ಎರಡು ಕಡೆ ಐದಾರು ಇಂಚು ದಪ್ಪ ಬಿಡಬೇಕು. ಕೆಲಸ ನಿಲ್ಲಿಸಿದಾಗೆಲ್ಲ ಒದ್ದೆ ಗೋಣಿ ಹೊದಿಸು. ಒಂದು ಸಲ ನಾವು ಏಪ್ರಿಲ್ ತಿಂಗಳಲ್ಲಿ ಮದುವೆಯ ಊಟಕ್ಕೆ ಅಂತ ಹೋಗಿ, ಗೋಣಿ ಹಾಕುವುದು ಮರೆತು, ಅರ್ಧ ಕೆತ್ತಿದ ದೋಣಿಯನ್ನು ಬಿಸಿಲಿನಲ್ಲೇ ಬಿಟ್ಟೆವು. ಸಂಜೆ ಬಂದು ನೋಡಿದರೆ ಮೂತಿಯಿಂದ ಒಂದೂವರೆ ಮೊಳ ಸೀಳು. ತಗಡು ಹೊಡೆದು, ಡಾಂಬರು ಹಾಕಿ ತೇಪೆ ಮಾಡಿದೆವು. ಆ ದೋಣಿ ಇದ್ದಷ್ಟು ವರ್ಷವೂ ಸೋರಿತು. ದೊಡ್ಡಪ್ಪ ಅದನ್ನು ಎಂದೂ ತಮ್ಮ ಕೆಲಸ ಅಂತ ಹೇಳಿಕೊಳ್ಳಲಿಲ್ಲ.

ಬಾಚಿಯನ್ನು ಮೊದಲ ದಿನವೇ ದಿಮ್ಮಿಗೆ ಹಾಕಬೇಡ. ಬೇಡದ ಕೊಂಬೆಯ ಮೇಲೆ ಒಂದು ವಾರ ಅಭ್ಯಾಸ ಮಾಡು. ಮಾವಿನ ಎಳೆ ಅತ್ತಿತ್ತ ಹೊಸೆದುಕೊಂಡಿರುತ್ತದೆ. ಎಳೆಗೆ ಎದುರಾಗಿ ಹೊಡೆದರೆ ಹಿಡಿಯಷ್ಟು ಕಿತ್ತು ಬರುತ್ತದೆ. ಕಾಲು ಅಗಲಿಸಿ ನಿಲ್ಲು, ಬಾಚಿ ಬೀಳುವ ಜಾಗದಲ್ಲಿ ಪಾದ ಇರಬಾರದು. ದಿನಕ್ಕೆ ಮೂರು ಸಲ ಸಾಣೆ ಹಿಡಿ.


ಅಳತೆಗೋಲು:

ಮೇಲಿನ ಅಣ್ಣ ಹೇಳಿದ್ದು ಒಂದೊಂದೂ ಬಂಗಾರ. ನಾನು ಮಂಗಳೂರಿನಲ್ಲಿ ಬೋಟ್ ಯಾರ್ಡ್ ಒಂದರಲ್ಲಿ ಕೆಲಸ ಮಾಡಿದವನು, ಹಾಗಾಗಿ ಸ್ವಲ್ಪ ಲೆಕ್ಕ ಹಾಕಿ ನೋಡಿದೆ.

15 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಎತ್ತರದ ದೋಣಿ ಅಂತ ಇಟ್ಟುಕೊಳ್ಳೋಣ. ಎರಡೂ ತುದಿ ಚೂಪಾಗುವುದರಿಂದ ನೀರಿನ ಮಟ್ಟದಲ್ಲಿ ಅದು ಆವರಿಸುವ ಜಾಗ ಸುಮಾರು 1.9 ಚದರ ಮೀಟರ್. ಅಂದರೆ ಪ್ರತಿ 19 ಕೆಜಿ ಭಾರಕ್ಕೆ ದೋಣಿ ಒಂದು ಸೆಂಟಿಮೀಟರ್ ಇಳಿಯುತ್ತದೆ. ಒಣಗಿದ ಮಾವು ಘನ ಮೀಟರಿಗೆ 650 ಕೆಜಿ ಆಸುಪಾಸು ತೂಗುತ್ತದೆ, ಆ ಲೆಕ್ಕದಲ್ಲಿ ದೋಣಿಯೇ 130 ಕೆಜಿ ಬರುತ್ತದೆ. ಹಸಿಯಿದ್ದಾಗ ಇನ್ನೂ ಜಾಸ್ತಿ, ನಾಲ್ಕು ಜನ ಇಲ್ಲದೆ ಮಗುಚಲು ಹೋಗಬೇಡಿ. ಇಬ್ಬರು ಕೂತರೆ ಒಟ್ಟು 260 ಕೆಜಿ, ಹೊಟ್ಟೆ ಕೆಳಗೆ ಕಿರಿದಾಗುವುದರಿಂದ ದೋಣಿ 19-20 ಸೆಂಟಿಮೀಟರ್ ಮುಳುಗುತ್ತದೆ, ಮೇಲೆ 25 ಸೆಂಟಿಮೀಟರ್ ಉಳಿಯುತ್ತದೆ. ಇಷ್ಟಾದರೆ ಪರವಾಗಿಲ್ಲ. ಆದರೆ ಇನ್ನೂ 150 ಕೆಜಿ ಸಾಮಾನು ಹೇರಿದರೆ ಉಳಿಯುವುದು 17 ಸೆಂಟಿಮೀಟರ್, ಒಂದು ಗೇಣಿಗಿಂತ ಕಡಿಮೆ. ಅಳಿವೆಯ ಹತ್ತಿರ ಗಾಳಿ ಎದ್ದರೆ ಅಷ್ಟು ಸಾಲುವುದಿಲ್ಲ. ಅದಕ್ಕೇ ಎರಡೂ ಬದಿಗೆ 6 ಇಂಚಿನ ಒಂದೊಂದು ಹಲಗೆ ಏರಿಸಿ ಅಂತ ನನ್ನ ಸಲಹೆ. ಕೆತ್ತಿದ ಹೊಟ್ಟೆ, ಮೇಲೆ ಹಲಗೆ, ಹೀಗೆ ಎರಡೂ ಸೇರಿಸಿ ಮಾಡುವುದು ನಮ್ಮ ಕರಾವಳಿಯಲ್ಲಿ ಹೊಸದೇನಲ್ಲ.

ಅಗಲದ್ದೇ ನಿಜವಾದ ತೊಂದರೆ. 2 ಅಡಿ ಅಗಲದ ಉರುಟು ಹೊಟ್ಟೆಯ ದೋಣಿಯಲ್ಲಿ ಎದ್ದು ನಿಂತರೆ ಮಗುಚುತ್ತದೆ. ಒಂದು ಬದಿಗೆ ಉಲಾಂಡಿ ಕಟ್ಟಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ದೋಣಿಯಿಂದ ನಾಲ್ಕೈದು ಅಡಿ ಆಚೆ ನೀರಿನ ಮೇಲೆ ತೇಲುವ ಒಂದು ಹಗುರ ಮರದ ತುಂಡು, ಅದನ್ನು ಎರಡು ಅಡ್ಡ ಗಳ (ಉದ್ದ ಕೋಲು) ಹಾಕಿ ದೋಣಿಗೆ ಬಿಗಿದಿರುತ್ತಾರೆ. ದೋಣಿ ಆ ಕಡೆ ವಾಲಿದರೆ ತುಂಡು ಮುಳುಗಲು ಒಪ್ಪುವುದಿಲ್ಲ, ಈ ಕಡೆ ವಾಲಿದರೆ ಅದರ ತೂಕವೇ ಕೆಳಗೆ ಎಳೆಯುತ್ತದೆ. ಹಾಲವಾಣದ ಮರ ಅಥವಾ ಬೂರುಗ ಒಳ್ಳೆಯದು, ಎರಡೂ ತುಂಬಾ ಹಗುರ. ಗಳಗಳನ್ನು ಮೊಳೆ ಹೊಡೆಯದೆ ಹಗ್ಗದಲ್ಲೇ ಕಟ್ಟಬೇಕು. ಅಲೆಗೆ ಅದು ಸ್ವಲ್ಪ ಆಡುತ್ತಿರಬೇಕು, ಮೊಳೆಯಾದರೆ ತೂತು ದೊಡ್ಡದಾಗಿ ಕಿತ್ತುಹೋಗುತ್ತದೆ.

ಇನ್ನೊಂದು. ಎರಡೂ ಕೈಯಲ್ಲಿ ಎರಡು ಉದ್ದ ಹುಟ್ಟು ಹಿಡಿದು, ಗೂಟಕ್ಕೆ ಸಿಕ್ಕಿಸಿ, ಹಿಂದಕ್ಕೆ ಮುಖ ಮಾಡಿ ಎಳೆಯುವ ದೋಣಿ ನಿಮ್ಮ ಮನಸ್ಸಿನಲ್ಲಿದ್ದರೆ ಅದಕ್ಕೆ ಮೂರೂವರೆ ನಾಲ್ಕು ಅಡಿ ಅಗಲ ಬೇಕು. ಎರಡು ಅಡಿಯಲ್ಲಿ ಹುಟ್ಟಿನ ಒಳಭಾಗ ತೀರಾ ಗಿಡ್ಡವಾಗಿ ಕೈಗೆ ಬಲವೇ ಸಿಗುವುದಿಲ್ಲ. ಪಾತಿಗೆ ಕೈಹುಟ್ಟೇ ಸರಿ. ನೆಲದಿಂದ ನಿಮ್ಮ ಗದ್ದದವರೆಗೆ ಉದ್ದ ಇರಲಿ. ತೇಲುವ ಜಾಕೆಟ್ ಇಲ್ಲದೆ ಮೊದಲ ದಿನ ಇಳಿಯಬೇಡಿ, ಈಜು ಬಂದರೂ.


ಕುರ್ವೆಯ ಹುಡುಗ:

ಇಬ್ಬರಿಗೂ ತುಂಬಾ ಧನ್ಯವಾದ. ಅಪ್ಪ ನಿನ್ನೆಯೇ ಸೆಗಣಿ ಕೆಮ್ಮಣ್ಣು ಮೆತ್ತಿದರು. ಕೊಡಲಿಯಲ್ಲಿ ಬಡಿದೂ ನೋಡಿದರಂತೆ, ಬುಡದಿಂದ ಎರಡು ಅಡಿಯವರೆಗೆ ಸದ್ದು ಸ್ವಲ್ಪ ಬೇರೆ ಬರುತ್ತದೆ ಅಂದರು. ಅಜ್ಜನ ದೋಣಿಗೂ ಉಲಾಂಡಿ ಇತ್ತು, ನಾನು ಅದರ ಮೇಲೆ ಕೂತು ಬೈಸಿಕೊಂಡದ್ದು ಈಗ ನೆನಪಾಗುತ್ತಿದೆ.

ಹಲಗೆ ಏರಿಸುವುದಾದರೆ ಅದನ್ನು ಹೊಲಿಯಬೇಕು ಅಂತ ನನಗೆ ಆಸೆ. ಐಎನ್‌ಎಸ್‌ವಿ ಕೌಂಡಿನ್ಯ ಹಡಗಿನ ಬಗ್ಗೆ ಓದಿದಾಗಿನಿಂದ ಅದೇ ತಲೆಯಲ್ಲಿದೆ. ಅಜಂತಾದ ಚಿತ್ರ ನೋಡಿ ಗೋವಾದಲ್ಲಿ ಕಟ್ಟಿದ್ದು, ಹಲಗೆಗಳನ್ನೆಲ್ಲ ತೆಂಗಿನ ಹುರಿಯಲ್ಲೇ ಹೊಲಿದಿದ್ದಾರೆ. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ಅದು ನೌಕಾಪಡೆಗೆ ಸೇರಿತು. ಅಷ್ಟು ದೊಡ್ಡ ಹಡಗಿಗೆ ಹೊಲಿಗೆ ಸಾಕಾಗುತ್ತದೆ ಅಂದರೆ ನನ್ನ ಒಂದು ಹಲಗೆಗೆ ಸಾಕಾಗುವುದಿಲ್ಲವಾ?


ಚಂದ್ರಗಿರಿ ದಡ:

ಸಾಕಾಗುತ್ತದೆ. ನಾನು ಕಾಸರಗೋಡಿನವನು. ಕೆಲಸದ ಮೇಲೆ ಆಲಪ್ಪುಳ ಕಡೆ ಆರು ತಿಂಗಳು ಇದ್ದಾಗ ಹೊಲಿದ ದೋಣಿ ರಿಪೇರಿ ಮಾಡುವವರ ಪಕ್ಕದಲ್ಲಿ ಕೂತು ಕಲಿತಿದ್ದೇನೆ. ಅಲ್ಲಿ ಅದಕ್ಕೆ ಕೆಟ್ಟುವಳ್ಳಂ ಅನ್ನುತ್ತಾರೆ. ಕೆಟ್ಟು ಅಂದರೆ ನಮ್ಮ ಕಟ್ಟು, ವಳ್ಳಂ ಅಂದರೆ ದೋಣಿ. ಕೌಂಡಿನ್ಯವನ್ನು ಹೊಲಿದವರೂ ಕೇರಳದ ಕುಶಲಕರ್ಮಿಗಳೇ, ಬಾಬು ಶಂಕರನ್ ಅವರ ನೇತೃತ್ವದಲ್ಲಿ.

ಹಗ್ಗದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅಲ್ಲೇ ಜನ ತಪ್ಪುವುದು. ಅಂಗಡಿಯಲ್ಲಿ ಸಿಗುವ ಕಂದು ಬಣ್ಣದ ಒರಟು ಹಗ್ಗ ಬೇಡ, ಅದು ಯಂತ್ರದಲ್ಲಿ ಬಿಡಿಸಿದ ನಾರು. ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಸಿ, ಬಡಿದು ತೆಗೆದ ಬಿಳಿ ನಾರಿನ ಹುರಿ ಬೇಕು. ಎಳೆದು ನೋಡಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ನೈಲಾನ್ ಗಟ್ಟಿ ಅಲ್ವಾ ಅಂತ ಕೇಳಬಹುದು. ನೈಲಾನ್ ಹಿಗ್ಗುತ್ತದೆ, ನೀರಿನಲ್ಲಿ ಉಬ್ಬಿ ತೂತನ್ನು ತುಂಬುವುದಿಲ್ಲ. ತೆಂಗಿನ ನಾರು ನೀರು ಕುಡಿದು ಊದಿಕೊಳ್ಳುತ್ತದೆ, ಉಪ್ಪುನೀರಿಗೆ ಬೇಗ ಕೊಳೆಯುವುದೂ ಇಲ್ಲ.

ಹಲಗೆಯ ಅಂಚು ದೋಣಿಯ ಅಂಚಿಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಬೇಕು. ಇದಕ್ಕೊಂದು ಹಳೆಯ ವಿಧಾನ ಇದೆ. ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಒಂದು ಅಂಚಿಗೆ ಸವರಿ, ಇನ್ನೊಂದನ್ನು ಅದರ ಮೇಲೆ ಒತ್ತಿ ತೆಗೆಯಿರಿ. ಬಣ್ಣ ಎಲ್ಲಿ ಹತ್ತಿತೋ ಅಲ್ಲಿ ಉಬ್ಬಿದೆ, ಅಷ್ಟನ್ನೇ ಹತ್ತರಿಯಲ್ಲಿ ತೆಗೆಯಿರಿ. ಮತ್ತೆ ಸವರಿ, ಮತ್ತೆ ಒತ್ತಿ. ಉದ್ದಕ್ಕೂ ಕೆಂಪು ಹತ್ತುವವರೆಗೆ ಇದೇ ಕೆಲಸ. ನನಗೆ ಒಂದು ಹಲಗೆಗೆ ಎರಡು ದಿನ ಹಿಡಿದಿತ್ತು. ಬೇಜಾರು ಮಾಡಿಕೊಳ್ಳಬೇಡಿ, ಸೋರುವುದೋ ಇಲ್ಲವೋ ಅನ್ನುವುದು ಇಲ್ಲೇ ತೀರ್ಮಾನ ಆಗುತ್ತದೆ, ಹೊಲಿಗೆಯಲ್ಲಿ ಅಲ್ಲ.

ಹಲಗೆ ಬಾಗಬೇಕಾದ ಕಡೆ ಒದ್ದೆ ಮಾಡಿ, ಕೆಳಗೆ ಸಣ್ಣ ಬೆಂಕಿ ಹಾಕಿ, ನಿಧಾನ ಬಗ್ಗಿಸಿ. ಕರಿ ಹಿಡಿಯುವಷ್ಟು ಬೆಂಕಿ ಬೇಡ. ಆಮೇಲೆ ಅಂಚಿನಿಂದ ಒಂದೂವರೆ ಇಂಚು ಬಿಟ್ಟು, ಮೂರು ಇಂಚಿಗೊಂದು ತೂತು. ಮೇಲಿನ ತೂತು ಕೆಳಗಿನದರ ನೇರಕ್ಕೆ ಇರಲಿ. ಹೊರಮೈಯಲ್ಲಿ ಹಗ್ಗ ಕೂರಲು ಉಳಿಯಿಂದ ಸಣ್ಣ ಗಾಡಿ (ತೋಡು) ಮಾಡಿ, ಇಲ್ಲದಿದ್ದರೆ ದಡಕ್ಕೆ ಎಳೆಯುವಾಗ ಮರಳು ಉಜ್ಜಿ ಹಗ್ಗ ಸವೆಯುತ್ತದೆ. ಸಂದಿಯ ಒಳಬದಿಗೆ ಬಿಡಿ ನಾರಿನ ಸುರುಳಿ ಇಟ್ಟು ಅದರ ಮೇಲೆ ಹೊಲಿಯಬೇಕು. ಒಬ್ಬರಿಂದ ಆಗದ ಕೆಲಸ ಇದು. ಒಳಗೊಬ್ಬರು, ಹೊರಗೊಬ್ಬರು, ಹಗ್ಗಕ್ಕೆ ಕೋಲು ಸುತ್ತಿ ಮೀಟಿ ಬಿಗಿಯುವುದು, ಬಿಗಿದ ತಕ್ಷಣ ತೂತಿಗೆ ಬೆಣೆ. ಎಲ್ಲ ಮುಗಿದ ಮೇಲೆ ಪ್ರತಿ ತೂತಿಗೂ ನಾರು ತುರುಕಿ, ರಾಳ ಮತ್ತು ಎಣ್ಣೆ ಕಾಯಿಸಿ ಹಚ್ಚಿ. ಕಾಯಿಸುವುದು ಬಯಲಿನಲ್ಲಿ, ಸಣ್ಣ ಉರಿಯಲ್ಲಿ. ರಾಳಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಮುಚ್ಚಳ ಮುಚ್ಚಬೇಕು.

ಒಂದು ವಿಷಯ ಮೊದಲೇ ತಿಳಿದಿರಲಿ. ಹೊಲಿಗೆ ಶಾಶ್ವತ ಅಲ್ಲ. ವರ್ಷ ಎರಡು ವರ್ಷಕ್ಕೊಮ್ಮೆ ಬಿಚ್ಚಿ ಮತ್ತೆ ಹೊಲಿಯಬೇಕು. ಅಷ್ಟು ಪುರುಸೊತ್ತು ಇಲ್ಲ ಅಂದರೆ ತಾಮ್ರದ ಮೊಳೆ ಹಾಕಿ. ಸಾದಾ ಕಬ್ಬಿಣ ಬೇಡ, ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿನ್ನುತ್ತದೆ. ತಾಮ್ರ ಕಬ್ಬಿಣ ಎರಡನ್ನೂ ಒಂದೇ ದೋಣಿಗೆ ಬೆರೆಸಲೂಬಾರದು, ಉಪ್ಪುನೀರಿನಲ್ಲಿ ಕಬ್ಬಿಣ ಇನ್ನೂ ಬೇಗ ಹೋಗುತ್ತದೆ.


ಆನೆಗೊಂದಿ:

ನಾನು ತುಂಗಭದ್ರೆ ಕಡೆಯವನು, ಸಮುದ್ರದ ದೋಣಿ ಗೊತ್ತಿಲ್ಲ. ಆದರೆ ಹರಿಗೋಲು ಹೆಣೆದು ಗೊತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಇಲ್ಲಿ ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ಹೊಳೆ ದಾಟುತ್ತಾರೆ ಅಂತ ಬರೆದಿದ್ದಾನೆ, ಇವತ್ತಿಗೂ ಅದೇ ನಡೆಯುತ್ತಿದೆ. ಆಗ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಬಿದಿರು ಸಿಕ್ಕರೆ ಕೆಲವೇ ದಿನಗಳಲ್ಲಿ ಒಂದು ಆಗುತ್ತದೆ. ಇದನ್ನು ಯಾಕೆ ಹೇಳಿದೆ ಅಂದರೆ, ಮರ ಕೆತ್ತಲು ನಿಮಗೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ಒಂದೇ ಹುಟ್ಟಿನಲ್ಲಿ ನೀರು ಹೇಗೆ ತಳ್ಳಬೇಕು, ಭಾರ ಸರಿದರೆ ಏನಾಗುತ್ತದೆ ಅಂತ ಮೈಗೆ ಕಲಿಸಿಕೊಳ್ಳಿ. ಈ ಕಡೆ ಬಂದರೆ ನಾನೇ ಕೂರಿಸಿಕೊಂಡು ಹೇಳಿಕೊಡುತ್ತೇನೆ.


ಬೆಳಚಿನ ಮನೆ:

ಅಣ್ಣಾ, ನಾನೂ ಅಘನಾಶಿನಿಯವಳೇ, ನಿಮ್ಮ ಎದುರು ದಂಡೆ. ನಮ್ಮಮ್ಮ ಇವತ್ತಿಗೂ ಇಳಿತಕ್ಕೆ ಹೋಗಿ ಬೆಳಚು (ಚಿಪ್ಪುಮೀನು) ಹೆಕ್ಕುತ್ತಾರೆ, ನಾನೂ ಕಾಲೇಜು ಮುಗಿಯುವವರೆಗೆ ಜೊತೆಗೆ ಹೋಗುತ್ತಿದ್ದೆ. ಇಲ್ಲಿ ಎಲ್ಲರೂ ಕಟ್ಟುವವರ ಕಡೆಯಿಂದ ಮಾತಾಡಿದ್ದೀರಿ. ದಿನಾ ಉಪಯೋಗಿಸುವವರ ಕಡೆಯಿಂದ ನಾಲ್ಕು ಮಾತು.

6 ಇಂಚಿನ ಹಲಗೆಯನ್ನು ಉದ್ದಕ್ಕೂ ಏರಿಸಬೇಡಿ. ಬೆಳಚು ಹೆಕ್ಕುವಾಗ ನಾವು ಸೊಂಟದ ಮಟ್ಟದ ನೀರಿನಲ್ಲಿ ನಿಂತಿರುತ್ತೇವೆ, ದೋಣಿ ಪಕ್ಕದಲ್ಲಿ ತೇಲುತ್ತಿರುತ್ತದೆ. ತುಂಬಿದ ಬುಟ್ಟಿಯನ್ನು ನೀರಿನಿಂದ ಎತ್ತಿ ಅಂಚು ದಾಟಿಸಬೇಕು. ಆ ಅಂಚು ಆರು ಇಂಚು ಎತ್ತರವಾದರೆ ದಿನಕ್ಕೆ ಮೂವತ್ತು ಸಲ ಎತ್ತುವ ಹೆಂಗಸಿನ ಭುಜಕ್ಕೆ ಎಷ್ಟು ನೋವು ಅಂತ ಯೋಚನೆ ಮಾಡಿ. ನೀರಿನಿಂದ ದೋಣಿಗೆ ಹತ್ತುವುದೂ ಕಷ್ಟ. ನಮ್ಮ ಪಾತಿಯಲ್ಲಿ ನಡುಭಾಗ ತಗ್ಗು, ಮೂತಿ ಮತ್ತು ಹಿಂದೆ ಮಾತ್ರ ಎತ್ತರ. ಅಲೆ ನುಗ್ಗುವುದು ಮೂತಿಯಿಂದ, ಅಲ್ಲಿ ಹಲಗೆ ಬೇಕು. ನಡುವೆ ಎರಡು ಇಂಚು ಸಾಕು. ಭಾರ ಜಾಸ್ತಿಯಾದರೆ ಎರಡು ಸುತ್ತು ಹೋಗಿ, ಒಂದೇ ಸಲ ಹೇರಬೇಡಿ. ಉಲಾಂಡಿಯೂ ಒಂದೇ ಬದಿಗೆ ಇರುವುದು ಅದಕ್ಕೇ. ಇನ್ನೊಂದು ಬದಿ ನಮಗೆ ಕೆಲಸಕ್ಕೆ ಬೇಕು.

ಹುಳದ ವಿಷಯ. ಹಡಗುಹುಳ ಅಂತ ಕರೆಯುತ್ತೇವೆ, ಆದರೆ ಅದು ಹುಳ ಅಲ್ಲ, ನಾವು ಹೆಕ್ಕುವ ಬೆಳಚಿನ ದಾಯಾದಿಯೇ. ಎರಡು ಚಿಪ್ಪಿನ ಜೀವಿ, ಚಿಪ್ಪನ್ನೇ ಬೈರಿಗೆ ಮಾಡಿಕೊಂಡು ಮರ ಕೊರೆಯುತ್ತದೆ. ಹೊರಗಿನಿಂದ ಸೂಜಿಮೊನೆಯಷ್ಟು ತೂತು ಕಾಣುತ್ತದೆ, ಒಳಗೆ ಜೇನುಗೂಡಾಗಿರುತ್ತದೆ. ಅದಕ್ಕೆ ಉಪ್ಪುನೀರು ಬೇಕು. ಮಳೆಗಾಲದಲ್ಲಿ ಹೊಳೆ ಸಿಹಿಯಾದಾಗ ಸಾಯುತ್ತದೆ, ಅಘನಾಶಿನಿಗೆ ಅಣೆಕಟ್ಟು ಇಲ್ಲದಿರುವುದರಿಂದ ಜೂನ್‌ನಿಂದ ಮೂರು ನಾಲ್ಕು ತಿಂಗಳು ನೀರು ಚೆನ್ನಾಗಿ ಸಿಹಿಯಾಗುತ್ತದೆ. ಬೇಸಿಗೆಯೇ ಅಪಾಯ. ಆಗ ಕೆಲಸ ಮುಗಿದ ಕೂಡಲೇ ದೋಣಿಯನ್ನು ಭರತದ ಗೆರೆಗಿಂತ ಮೇಲೆ ಎಳೆದು ಹಾಕಬೇಕು. ನಮ್ಮಲ್ಲಿ ತಿಂಗಳಿಗೊಮ್ಮೆ ದೋಣಿ ಮಗುಚಿ, ಕೆಳಗೆ ಒಣ ತೆಂಗಿನ ಗರಿ ಹೊತ್ತಿಸಿ ಮೈಯನ್ನೆಲ್ಲ ಬೆಚ್ಚಗೆ ಸುಡುತ್ತಾರೆ. ಆಮೇಲೆ ಎಣ್ಣೆ. ಮೀನೆಣ್ಣೆ ಹಚ್ಚಬಹುದು, ಸುರಹೊನ್ನೆ ಎಣ್ಣೆ ಸಿಕ್ಕರೆ ಒಳ್ಳೆಯದು, ಗೇರುಬೀಜದ ಸಿಪ್ಪೆಯ ಕಪ್ಪು ಎಣ್ಣೆ ಎಲ್ಲಕ್ಕಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಗೇರಿನ ಎಣ್ಣೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಕೈಗೆ ದಪ್ಪ ಗ್ಲೌಸ್, ತುಂಬು ತೋಳಿನ ಅಂಗಿ ಹಾಕಿಕೊಂಡೇ ಹಚ್ಚಿ, ಮಕ್ಕಳನ್ನು ದೂರ ಇಡಿ.

ದಿಮ್ಮಿ ನಿಮ್ಮದೇ ಹಿತ್ತಲಿನದ್ದಾದರೂ ಅರಣ್ಯ ಇಲಾಖೆಯ ಕಚೇರಿಗೆ ಒಂದು ಅರ್ಜಿ ಕೊಟ್ಟು ಕೇಳಿಬಿಡಿ. 1976ರ ಮರ ಸಂರಕ್ಷಣೆ ಕಾಯ್ದೆ ಇದೆ, ಸಾಗಿಸುವಾಗಲೂ ಕೇಳುತ್ತಾರೆ. ಆಮೇಲೆ ಯಾರೋ ಬಂದು ತಕರಾರು ತೆಗೆಯುವುದು ಬೇಡ.

2024ರಲ್ಲಿ ನಮ್ಮ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ತುಂಬಾ ಜನ ಕ್ಯಾಮೆರಾ ಹಿಡಿದು ಬಂದರು. ಹೊಳೆಯಲ್ಲಿ ಮರದ ಪಾತಿ ಎಷ್ಟು ಉಳಿದಿವೆ ಅಂತ ಯಾರೂ ಕೇಳಲಿಲ್ಲ. ನೀವು ಮಾಡುತ್ತೀರಿ ಅಂದಾಗ ಅಮ್ಮನಿಗೆ ಓದಿ ಹೇಳಿದೆ. ಇಳಿಸುವ ದಿನ ಹೇಳಿ, ಬರುತ್ತೇನೆ ಅಂದರು.


ಅಳತೆಗೋಲು:

ತಂಗಿ ಹೇಳಿದ್ದು ಸರಿ. ನಾನು ಭಾರದ ಲೆಕ್ಕ ಮಾತ್ರ ಹಾಕಿದೆ, ಎತ್ತುವವರ ಲೆಕ್ಕ ಹಾಕಲಿಲ್ಲ. ಮೂತಿಯಲ್ಲಿ 6 ಇಂಚು, ನಡುವೆ 2 ಇಂಚಿಗೆ ಇಳಿದು, ಹಿಂದೆ 4 ಇಂಚು ಬರುವಂತೆ ಹಲಗೆ ಕತ್ತರಿಸಿ. ನಡುವಿನ ಒಳಗೋಡೆಯ ಮೇಲೆ ಒಂದು ಗೆರೆ ಹಾಕಿಕೊಳ್ಳಿ. ಹೊರಗೆ ನೀರು ಅಂಚಿನಿಂದ ಒಂದು ಗೇಣಿಗೆ ಬಂದರೆ ಆ ದಿನದ ಹೇರು ಮುಗಿಯಿತು.


ಶರಾವತಿ ದಂಡೆ:

ಕುರ್ವೆಯ ತಮ್ಮಾ, ಬುಡದ ಎರಡು ಅಡಿ ಸದ್ದು ಬೇರೆ ಬರುತ್ತದೆ ಅಂದೆಯಲ್ಲ, ಅದನ್ನು ಬಿಡಬೇಡ. ಬುಡದಿಂದ ಮುಕ್ಕಾಲು ಅಡಿ ಕೊಯ್ದು ತೆಗೆದು ನೋಡು. ಪೊಟರೆ ನಡುವೆ, ಮುಷ್ಟಿಗಿಂತ ಸಣ್ಣದಾಗಿದ್ದರೆ ಬುಡವನ್ನೇ ಹಿಂಬದಿ ಮಾಡು. ಟೊಳ್ಳನ್ನು ಗಟ್ಟಿ ಮರ ಕಾಣುವವರೆಗೆ ಕೆತ್ತಿ, ಹೆಬ್ಬಲಸಿನ ಒಣ ತುಂಡನ್ನು ಬಿಗಿಯಾಗಿ ಕೂರಿಸಿ ರಾಳ ತುಂಬು. ಅದಕ್ಕಿಂತ ದೊಡ್ಡದಿದ್ದರೆ ಎರಡು ಅಡಿಯನ್ನೂ ಕೊಯ್ದುಬಿಡು. 14 ಅಡಿಯ ಗಟ್ಟಿ ದೋಣಿ 16 ಅಡಿಯ ಕೊಳೆತ ದೋಣಿಗಿಂತ ಎಷ್ಟೋ ಮೇಲು.

ಮೇಲಿನ ಹಲಗೆಗೂ ಹೆಬ್ಬಲಸೇ ಹುಡುಕು. ಮಾವಿಗಿಂತ ನೀರು ತಡೆಯುತ್ತದೆ, ಬೆಂಕಿಗೂ ಚೆನ್ನಾಗಿ ಬಾಗುತ್ತದೆ. ಒಣಗಿದ್ದು ಇರಬೇಕು. ಅದು ಒಂದು ಮರ, ಇದು ಒಂದು ಮರ, ಎರಡೂ ಹಿಗ್ಗಿ ಕುಗ್ಗುವುದು ಬೇರೆ ಬೇರೆ, ಹಾಗಾಗಿ ಹೊಲಿಗೆಯ ಯೋಚನೆ ಒಳ್ಳೆಯದೇ. ಹಗ್ಗ ಅಷ್ಟು ಆಟ ತಡೆದುಕೊಳ್ಳುತ್ತದೆ.

ಒಳಗೆ ಕೆತ್ತಿ ಮುಗಿದ ಮೇಲೆ ಅಂಚಿನಿಂದ ಅಂಚಿಗೆ ಮೂರು ಕಡೆ ಅಡ್ಡ ಕಟ್ಟಿಗೆ ಬಿಗಿ, ಇಲ್ಲದಿದ್ದರೆ ಒಣಗುವಾಗ ಬಾಯಿ ಮುಚ್ಚಿಕೊಳ್ಳುತ್ತದೆ. ನೆರಳಿನಲ್ಲಿ ಎರಡು ತಿಂಗಳು ಬಿಡು. ನಾವು ಇಬ್ಬರು ದಿನವಿಡೀ ಮಾಡಿದರೆ ಕೆತ್ತನೆ ಇಪ್ಪತ್ತು ಇಪ್ಪತ್ತೈದು ದಿನ ಹಿಡಿಯುತ್ತಿತ್ತು. ನೀನು ತಿಂಗಳಿಗೆ ಎರಡು ಸಲ ಬರುವವನು. ನಡುನಡುವೆ ಹತ್ತು ದಿನ ರಜೆ ಹಾಕು, ಇಲ್ಲದಿದ್ದರೆ ದಿಮ್ಮಿ ನಿನಗೆ ಕಾಯುವುದಿಲ್ಲ. ದೀಪಾವಳಿಯ ಒಳಗೆ ಒಳಗಿನ ಟೊಳ್ಳು ಅರ್ಧ ಆದರೂ ಆಗಿರಬೇಕು, ಆಮೇಲೆ ಬಿಸಿಲು ಜಾಸ್ತಿಯಾಗುತ್ತದೆ.

ದೊಡ್ಡಪ್ಪನ ಎರಡು ಬಾಚಿ ನನ್ನ ಹತ್ತಿರ ಇವೆ. ಒಂದು ನೆಟ್ಟಗಿನದು, ಒಂದು ಒಳಮೈಗೆ ಬಾಗಿದ್ದು. ರಂಪಣಿ ದೋಣಿಗಳಿದ್ದ ಕಾಲದ್ದು, ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ ಬಿಡುತ್ತಿದ್ದ ದೋಣಿಗಳು. ಪರ್ಸೀನ್ ಬಲೆಯ ಯಾಂತ್ರಿಕ ಬೋಟು ಬಂದು ರಂಪಣಿ ನಿಂತ ಮೇಲೆ ಅವರಿಗೆ ದೊಡ್ಡ ದೋಣಿಯ ಕೆಲಸ ಬರಲೇ ಇಲ್ಲ, ಆದರೂ ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ ಇಡುತ್ತಿದ್ದರು. ಹಿಡಿ ಬದಲಾಯಿಸಬೇಕು, ಅಲಗು ಇನ್ನೂ ಚೆನ್ನಾಗಿದೆ. ಬಾಗಿದ ಬಾಚಿ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ನೀನು ಊರಿಗೆ ಬಂದಾಗ ಹೊನ್ನಾವರಕ್ಕೆ ಬಂದು ತೆಗೆದುಕೊಂಡು ಹೋಗು. ಒಳ ಕೆತ್ತನೆ ಶುರು ಮಾಡುವ ದಿನ ಹೇಳು, ಮೊದಲ ಎರಡು ದಿನ ನಾನೂ ಬರುತ್ತೇನೆ.


ಕುರ್ವೆಯ ಹುಡುಗ:

ಅಣ್ಣಾ, ಏನು ಹೇಳಬೇಕು ತಿಳಿಯುತ್ತಿಲ್ಲ. ಮುಂದಿನ ಶನಿವಾರ ಬೆಳಿಗ್ಗೆ ಹೊನ್ನಾವರಕ್ಕೆ ಬರುತ್ತೇನೆ. ಅರಣ್ಯ ಕಚೇರಿಗೆ ಅಪ್ಪ ಸೋಮವಾರ ಹೋಗುತ್ತಾರೆ. ಸಾಮಿಲ್ಲಿನವರಿಗೆ ದಿಮ್ಮಿ ಕೊಡುವುದಿಲ್ಲ ಅಂತ ಅವರೇ ಫೋನ್ ಮಾಡಿ ಹೇಳಿದರು, ನಾನು ಕೇಳಿಕೊಳ್ಳುವ ಮುಂಚೆಯೇ.

ಬುಡ ಮುಕ್ಕಾಲು ಅಡಿ ಇವತ್ತು ಕೊಯ್ದರು. ಪೊಟರೆ ಇದೆ, ನಡುವಿನಲ್ಲೇ, ಒಂದು ತೆಂಗಿನಕಾಯಿ ಹಿಡಿಸುವಷ್ಟು. ಸುತ್ತ ಮರ ಗಟ್ಟಿ ಇದೆ ಅನ್ನುತ್ತಾರೆ, ಆದರೆ ನೀವು ಹೇಳಿದ ಮುಷ್ಟಿಗಿಂತ ದೊಡ್ಡದೇ. ಹಾಗಾದರೆ ಎರಡು ಅಡಿ ಪೂರ್ತಿ ಕೊಯ್ಯಿಸಲಾ, ಅಥವಾ ನೀವು ಬಂದು ನೋಡುವವರೆಗೆ ಮತ್ತೆ ಸೆಗಣಿ ಮೆತ್ತಿ ಇಡಲಾ?


ಶರಾವತಿ ದಂಡೆ:

ಮೆತ್ತಿ ಇಡಿ. ಕೊಯ್ಯಬೇಡಿ. ಶನಿವಾರ ನೀನು ಬರುವುದು ಬೇಡ, ನಾನೇ ಬಾಚಿ ತೆಗೆದುಕೊಂಡು ಆ ಕಡೆ ಬರುತ್ತೇನೆ.